ಬಲಗೈ ಹೆಬ್ಬೆರಳು

ಓಲೆ ಬಿಚ್ಚಿಡಿ, ಅಂದ ರೈಟಿಸ್,
ಕೂದಲ ಪಿನ್ನು, ಗಡಿಯಾರ. ಜೇಬಿನಲ್ಲಿ ಲೋಹ?
ಇತ್ತು, ಶ್ರುತಿಕವೆ,
ನಲವತ್ತು ವರ್ಷದಿಂದ ಕೋಟು ಬದಲಾದರೂ ಬದಲಾಗದ್ದು.
ತಟ್ಟೆಗೆ ಹಾಕಿದೆ. ತಟ್ಟೆ ಒಂದು ಗಳಿಗೆ ಹಾಡಿತು.
ನನಗೇನೂ ಆಗಲಿಲ್ಲ.
ಅದಕ್ಕೇ ತಾನೆ ಬಂದದ್ದು.

ರೀಗಾದ ಸಂಗೀತಶಾಲೆಗಳ ಪಿಯಾನೊಗಳೆಲ್ಲ
ನನ್ನ ಕೈಕೆಳಗೇ ಹಳತಾದವು.
ಹೋದ ನವೆಂಬರಿನಲ್ಲಿ ಒಂದನ್ನು ಸರಿಮಾಡಿ ಮುಗಿಸಿದೆ,
ಇನ್ನೂರ ಇಪ್ಪತ್ತು ತಂತಿ, ಒಂದೂ ಅತ್ತಿತ್ತ ಇಲ್ಲ,
ಮುಚ್ಚಳ ಮುಚ್ಚಿ, ಅದರ ಮೇಲೆ ಕೆನ್ನೆಯಿಟ್ಟು
ಕಾವಲುಗಾರ ದೀಪ ಆರಿಸುವವರೆಗೆ ಕೂತಿದ್ದೆ.
ಶ್ರುತಿ ಸೇರಿತ್ತು. ಕೇಳುವವಳು ಎದ್ದುಹೋಗಿದ್ದಳು.

ಮಾತ್ರೆಗಳೇ? ನುಂಗಿದೆ, ಮೂರು ಬಣ್ಣದವು.
ಒಂದು ಬಾಯಿ ಒಣಗಿಸಿತು, ಒಂದು ಉಂಗುರ ಬಿಗಿಮಾಡಿತು,
ಮೂರನೆಯದು ನನಗೂ ಲೋಕಕ್ಕೂ ನಡುವೆ ಹತ್ತಿ ತುರುಕಿತು.
ಕೆಳಮನೆಯ ಜಿದ್ರಾ ಕರೆಂಟು ಹಾಯಿಸಿಕೊಂಡಳು.
ಎದ್ದಳು, ನಿಜ. ರೈ ರೊಟ್ಟಿ ಸುಡುತ್ತಾಳೆ, ನಗುತ್ತಾಳೆ,
ಮಗಳ ಮದುವೆಯ ಫೋಟೊ ಹಿಡಿದು
ಈ ನೀಲಿ ಲಂಗ ನನ್ನದಾ, ಎಂದು ಕೇಳುತ್ತಾಳೆ.

ಇದರಲ್ಲಿ ಆ ಮರೆವಿಲ್ಲ, ಅಂದರು ಡಾಕ್ಟರ್ ಔಸ್ಮಾ,
ಅರಿವಳಿಕೆಯಿಲ್ಲ, ಟ್ರಾಮು ಹತ್ತಿ ಬಂದು ಟ್ರಾಮು ಹತ್ತಿ ಹೋಗಬಹುದು.
ತಲೆನೋವು ಬಂದೀತು, ದವಡೆ ಅದುರೀತು,
ಫಿಟ್ಸ್, ಬಹಳ ಅಪರೂಪ, ಆದರೂ ಹೇಳುವುದು ನನ್ನ ಧರ್ಮ.
ಕೆಲವರಿಗೆ ಪೂರ್ತಿ ಬೆಳಗಾಗುತ್ತದೆ, ಕೆಲವರಿಗೆ ನಸುಕಿನಷ್ಟು.
ಉಳಿದವರಿಗೆ?
ಕನ್ನಡಕ ತೆಗೆದು ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು.

ಆರು ವಾರ, ವಾರಕ್ಕೆ ಐದು ಸಲ.
ಅದರ ಬೆಲೆಗೆ ಹಜಾರದ ಜರ್ಮನ್ ಪಿಯಾನೊ ಮಾರಿದೆ.
ನಾಲ್ಕು ಜನ ಹಿಡಿದು ಇಳಿಸುವಾಗ
ಪ್ರತಿ ಮೆಟ್ಟಿಲಿಗೂ ಅದು ಏನೋ ಅಂದಿತು.

ಮತ್ತೆ ಕಿವಿ, ಕೇಳಿದೆ.
ಯಂತ್ರದ ಸದ್ದು ಜೋರು, ಬಿರಡೆ ಕೊಡುತ್ತೇವೆ, ಅಂದರು.
ಡಾಕ್ಟರೇ, ನಿಮಗದು ಒಂದು ಅಂಗ,
ನನಗೆ ಮನೆಬಾಡಿಗೆ.

ಮೊದಲ ದಿನ ಬಟ್ಟೆಯ ಟೊಪ್ಪಿಗೆ ತೊಡಿಸಿ
ಎಂಟರ ಆಕಾರದ ಸುರುಳಿಯನ್ನು ನೆತ್ತಿಯ ಎಡಕ್ಕೆ ತಂದ ರೈಟಿಸ್,
ಕಲ್ಲಂಗಡಿ ಕೊಳ್ಳುವವನಂತೆ ಇಲ್ಲಿ ಟಕ್, ಅಲ್ಲಿ ಟಕ್,
ಇನ್ನೊಂದು ಟಕ್ಕಿಗೆ
ತೊಡೆಯ ಮೇಲಿದ್ದ ಬಲಗೈ ಹೆಬ್ಬೆರಳು ಜಿಗಿಯಿತು.
ನಾನು ಹೇಳಿರಲಿಲ್ಲ.
ಅಳತೆ ಸಿಕ್ಕಿತು, ಅಂದ ಅವನು, ಖುಷಿಯಿಂದ.
ಎಷ್ಟು ತಂತಿಗಳನ್ನು ಬಿಗಿದು, ಬಡಿದು, ಅವು ಬೆಚ್ಚಿದ್ದನ್ನು
ಅಳತೆ ಎಂದೇ ಬರೆದುಕೊಂಡವಳು ನಾನೂ.

ಆಮೇಲೆ ಮರಕುಟಿಗ.
ನಾಲ್ಕು ಸೆಕೆಂಡು ನಲವತ್ತು ಕುಟುಕು, ಇಪ್ಪತ್ತಾರು ಸೆಕೆಂಡು ಮೌನ,
ಮತ್ತೆ ನಲವತ್ತು.
ಹಣೆಯೊಳಗೆ ಹುಳುವಿದೆ ಎಂದು ಯಾರು ಹೇಳಿದರು ಅದಕ್ಕೆ?
ಒಂದು ವಾರ. ಎರಡು. ಹುಬ್ಬಿನ ಮೇಲೆ ನೋವು,
ಟ್ರಾಮಿನ ಗಾಜಿಗೆ ಹಣೆಯೊತ್ತಿ ದೌಗವಾ ನದಿಯ ಮಂಜು ದಾಟಿದೆ.
ಏನಾದರೂ? ಕೇಳುತ್ತಿದ್ದ ರೈಟಿಸ್. ಏನಿಲ್ಲ.
ಪಿಯಾನೊ ಇದ್ದ ಜಾಗದಲ್ಲಿ ಗೋಡೆ ಚೌಕವಾಗಿ ಬೆಳ್ಳಗಿತ್ತು.

ಹತ್ತೊಂಬತ್ತನೆಯ ದಿನ, ಒಂದು ಮೌನದ ನಡುವೆ,
ಯಂತ್ರದ ಫ್ಯಾನು ಟ್ಯೂಬ್‌ಲೈಟಿನ ಗುಂಯ್‌ಗಿಂತ
ಕೂದಲೆಳೆ ಕೆಳಗಿದೆ ಅನ್ನಿಸಿತು. ಬಿರಡೆ ದಾಟಿ ಬಂತು ಅಪಸ್ವರ.
ಇದನ್ನು ಇವರು ಹೇಗೆ ಸಹಿಸುತ್ತಾರೆ!
ಸಿಟ್ಟು ಬಂತು.
ಬಂತು, ಸಿಟ್ಟು, ಹದಿನಾಲ್ಕು ತಿಂಗಳ ಮೇಲೆ,
ಹೇಳದೆ ಕೇಳದೆ ನುಗ್ಗುವ ನೆಂಟನಂತೆ, ಕೆಸರುಗಾಲಲ್ಲೇ.

ಗುಣವಾಯಿತೆ, ಎಂದು ಜಿದ್ರಾ ಕೇಳುತ್ತಾಳೆ, ದಿನಾ ಕೇಳುತ್ತಾಳೆ.
ಬೆಳಿಗ್ಗೆಗಳು ಪರವಾಗಿಲ್ಲ. ಕೆಲವು ಸಂಜೆ ಹಳೆಯವೇ.
ಪಿಯಾನೊದ ಕಟ್ಟಕಡೆಯ ಮೂರು ಕೀಗಳು
ಮೊದಲಿಗಿಂತ ತುಸು ದೂರದಿಂದ ಕೇಳಿಸುತ್ತವೆ,
ಯಂತ್ರವೋ, ನನ್ನ ಅರವತ್ತಮೂರೋ, ಹೇಳುವವರಿಲ್ಲ.
ಮುಂದಿನ ಚಳಿಗಾಲಕ್ಕೆ ಮತ್ತೆ ಬೇಕಾದೀತು, ಅಂದಿದ್ದಾರೆ.
ಮಾರಲು ಇನ್ನೊಂದು ಪಿಯಾನೊ ಇಲ್ಲ.

ನಿನ್ನೆ ಶಾಲೆಯಲ್ಲಿ ಕೆಲಸ ಮುಗಿದಮೇಲೂ ಹೊರಡಲಿಲ್ಲ.
ಹುಡುಗನೊಬ್ಬ ಬಂದು ನುಡಿಸಿದ, ಕೆಟ್ಟದಾಗಿ,
ಒಂದೇ ಕಡೆ ಮುಗ್ಗರಿಸಿ, ಮತ್ತೆ ಮೊದಲಿಂದ.
ನಾಲ್ಕನೆಯ ಸಲ
ಹೆಬ್ಬೆರಳು, ಅಂದೆ, ಅಲ್ಲಿ ಹೆಬ್ಬೆರಳು ಅಡಿಗೆ ಹೋಗಬೇಕು.
ತೋರಿಸಿದೆ.
ಈ ಸಲ ನಾನು ಹೇಳಿಯೇ ಹೋಯಿತು ಅದು.